ಮುಳ್ಳಿಟ್ಟ ಬಾಗಿಲು

ಪೀಣ್ಯದ ಕಾರ್ಖಾನೆಗಳಿಗೆ ತಾಗಿಕೊಂಡಿದ್ದ ರಾಗಿಹೊಲದಲ್ಲಿ ನಲ್ಲಪ್ಪ ಶೀಟು ಹೊದಿಸಿದ ಸಾಲುಮನೆಗಳನ್ನು ಕಟ್ಟಿಸಿದ ಮೇಲೆ ಆ ನೆಲ ಪೈರನ್ನು ಮರೆತು ಬಾಡಿಗೆಯನ್ನು ಬೆಳೆಯತೊಡಗಿತು. ಎಪ್ಪತ್ತೊಂಬತ್ತರ ಆ ಬೇಸಿಗೆಯಲ್ಲಿ ಪೀಣ್ಯಕ್ಕೆ ಬಂದವರಿಗೆ ಕೆಲಸ ಹೇಗೋ ಸಿಗುತ್ತಿತ್ತು. ಸೂರು ಮಾತ್ರ ದುರ್ಲಭ.

ಸಾಲಿನ ಕೊನೆಯ ಮನೆಯಲ್ಲಿ ಭಾಗ್ಯಮ್ಮನ ಅತ್ತೆ ತೀರಿಕೊಂಡಳು. ಗಂಡನಿಲ್ಲದ ಭಾಗ್ಯಮ್ಮ ಕಾರ್ಖಾನೆಯೊಂದರಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು. ತಿಥಿಯ ಮರುದಿನವೇ ನಲ್ಲಪ್ಪ ಜಾಲಿಮುಳ್ಳಿನ ಕೊಂಬೆ ಹಿಡಿದು ಬಂದ.

"ಮುದುಕಿ ಪಂಚಕದ ಕೆಟ್ಟ ನಕ್ಷತ್ರದಾಗೆ ಓಗವ್ಳೆ ಕಣಮ್ಮ. ಆರು ತಿಂಗ್ಳು ಮನೇಲಿ ದೀಪ ಅಚ್ಚಂಗಿಲ್ಲ. ನಕ್ಷತ್ರಾನ ನಾನ್ ಮಾಡಿದ್ದಾ?"

ಪಕ್ಕದ ಮನೆಯ ಪಂಕಜಾ ತಾನೇ ಪಾತ್ರೆಗಳನ್ನು ಹೊರಗೆ ಸಾಗಿಸಲು ಕೈಜೋಡಿಸಿದಳು. ಅವಳ ಗಂಡ ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಯಾರೊಂದಿಗೂ ಜಗಳ ಬೇಡವೆನ್ನುವ ಸಂಸಾರ. ಪಂಕಜಾಳ ತವರಿನಲ್ಲಿ ತಾತ ಅಂಥದೇ ನಕ್ಷತ್ರದಲ್ಲಿ ಸತ್ತಾಗ ಬಾಗಿಲಿಗೆ ಮುಳ್ಳಿಟ್ಟು ಎಲ್ಲರೂ ಚಿಕ್ಕಪ್ಪನ ಮನೆಗೆ ಹೋಗಿದ್ದರು. ಪದ್ಧತಿಯೆಂದರೆ ಪದ್ಧತಿ. ಆದರೆ ಹೊಂಗೆಯ ನೆರಳಲ್ಲಿ ಮಕ್ಕಳನ್ನು ತಬ್ಬಿ ಕುಳಿತ ಭಾಗ್ಯಮ್ಮನಿಗೆ ಚಿಕ್ಕಪ್ಪನಿರಲಿಲ್ಲ.

ಮಧ್ಯಾಹ್ನ ನಲ್ಲಪ್ಪ ಮತ್ತೆ ಬಂದ. ಜೊತೆಗೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಸೂಪರ್‌ವೈಸರ್. ನಲ್ಲಪ್ಪ ಬೆಳಿಗ್ಗೆ ತಾನೇ ಬಾಗಿಲಿಗಿಟ್ಟಿದ್ದ ಮುಳ್ಳನ್ನು ಚಪ್ಪಲಿಯ ತುದಿಯಿಂದ ಪಕ್ಕಕ್ಕೆ ನೂಕಿ, "ಬನ್ನಿ ಸಾರ್, ಸುಣ್ಣ ಒಡೆಸ್ಕೊಡ್ತೀನಿ" ಎಂದ.

ಪಂಕಜಾಳ ಎದೆಯೊಳಗೆ ಏನೋ ನೆಟ್ಟಗೆ ಎದ್ದು ನಿಂತಿತು.

"ನಲ್ಲಪ್ಪನೋರೇ, ದೀಪ ಹಚ್ಚೋ ಹಾಗಿಲ್ಲ ಅಂದ್ರಲ್ಲ?"

"ಅದು ಸತ್ತೋರ ಮನೆಯೋರ್ಗಮ್ಮ. ಬ್ಯಾರೆಯೋರ್ಗೆ ತಟ್ಟಾಕಿಲ್ಲ."

"ಹೆಚ್ಚು ಬಾಡಿಗೆ ಕೊಟ್ರೆ ನಕ್ಷತ್ರಾನೂ ಸುಮ್ನಾಗತ್ತಾ?"

ನಲ್ಲಿಯ ಬಳಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸೂಪರ್‌ವೈಸರನ ಮುಖ ಕಪ್ಪಿಟ್ಟಿತು. "ಸಾವಾಗಿರೋ ಮನೇನೇನ್ರೀ? ಮೊದ್ಲೇ ಹೇಳ್ಬಾರ್ದಾ!" ಎಂದವನೇ ಸೈಕಲ್ಲು ಹತ್ತಿದ.

ನಲ್ಲಪ್ಪ ಕೆರಳಿದ. "ಊರ ಉಸಾಬರಿ ನಿಂಗ್ಯಾಕಮ್ಮ? ನೀನೂ ಗಂಟುಮೂಟೆ ಕಟ್ಟು!"

ಪಂಕಜಾಳಿಗೆ ಮೊದಲು ನೆನಪಾದವನು ಕೃಷ್ಣಸ್ವಾಮಿ. ಗಂಡನಿಗೆ ಏನು ಹೇಳುವುದು? ಆದರೂ ಹೋಗಿ ಭಾಗ್ಯಮ್ಮನ ಹೊಸ್ತಿಲ ಮೇಲೆ ಕುಳಿತಳು. ತುಸು ಹೊತ್ತು ಅವಳೊಬ್ಬಳೇ ಇದ್ದಳು. ಅಷ್ಟು ಅಗಲವಾದ ಒಂಟಿತನವನ್ನು ಅವಳು ಎಂದೂ ಕಂಡಿರಲಿಲ್ಲ. ಆಮೇಲೆ ಸಾಲಿನ ಹಿರಿಯಳಾದ ಅಶ್ವತ್ಥಮ್ಮ ಮಂಡಿ ಹಿಡಿದುಕೊಂಡು ಬಂದಳು.

"ಒಸಿ ಜರುಗಮ್ಮಿ. ಒಸ್ತಿಲೆಲ್ಲಾ ನಿಂಗೇ ಬರ್ದುಕೊಟ್ಟವ್ರಾ?"

ಉಳಿದವರೂ ಬಂದು ಸುತ್ತ ಕುಳಿತರು. ಆಗ ಪಂಕಜಾ ನಲ್ಲಪ್ಪನ ಕಡೆ ತಿರುಗಿದಳು.

"ಪಂಚಕ ನಿಜ ಅಂದ್ರೆ ಆರು ತಿಂಗ್ಳು ಬೀಗ ಹಾಕಿ. ಭಾಗ್ಯಮ್ಮ, ಮಕ್ಕಳು ನಮ್ ನಮ್ಮನೇಲೇ ಇರ್ತಾರೆ. ಆಮೇಲೆ ಆ ಬಾಗ್ಲು ತೆಗೆಯೋಳು ಭಾಗ್ಯಮ್ಮನೇ. ಮುಳ್ಳಿಟ್ಟು ಹೋದೋರೇ ವಾಪಸ್ ಬರ್ಬೇಕು, ಅದೇ ಪದ್ಧತಿ. ಸುಳ್ಳು ಅಂದ್ರೆ, ಪಾತ್ರೆ ಈಗ್ಲೇ ಒಳಗೆ ಹೋಗ್ಲಿ."

ನಲ್ಲಪ್ಪ ಬೀಡಿ ಹಚ್ಚಿದ. ಆರು ತಿಂಗಳು ಖಾಲಿ ಬೀಳುವ ಮನೆಯನ್ನು ನೋಡಿದ. ಹೊಸ್ತಿಲ ಮೇಲಿನ ಮುಖಗಳನ್ನು ನೋಡಿದ.

"ಶಾಂತಿ ಮಾಡ್ಸುದ್ರೂ ಆಯ್ತದೆ ಅಂತ ಐನೋರು ಅಂದಿದ್ರಪ್ಪ..."

"ಬೆಳಿಗ್ಗೆ ಅದು ಮರ್ತೋಗಿತ್ತಾ?" ಎಂದಳು ಅಶ್ವತ್ಥಮ್ಮ.

ಅವನು ಮುಳ್ಳನ್ನು ಎಳೆದುಕೊಂಡು ಹೋದ. ಭಾಗ್ಯಮ್ಮ ಮೊದಲು ಮಕ್ಕಳನ್ನು ಒಳಗೆ ಕಳಿಸಿದಳು.

ವಾರವೂ ಕಳೆದಿರಲಿಲ್ಲ, ರಸ್ತೆಯಾಚೆಯ ಸಾಲಿನಿಂದ ಲಕ್ಷ್ಮಮ್ಮ ಎಂಬವಳು ಹುಡುಕಿಕೊಂಡು ಬಂದಳು. "ಪಂಕಜಮ್ಮ ಅಂದ್ರೆ ನೀವೇನಾ? ನಮ್ ಸಾಲ್ನೋರ್ಗೆಲ್ಲಾ ಮನೆ ಖಾಲಿ ಮಾಡಿ ಅಂತವ್ರೆ ಓನರ್ರು, ಅಕ್ಕ."

ಕೃಷ್ಣಸ್ವಾಮಿ ಒಳಗಿನಿಂದಲೇ ಗೊಣಗಿದ: "ನಮ್ ಮನೆ ಉಳಿದಿದ್ದೇ ಹೆಚ್ಚು. ಇನ್ನು ಪೀಣ್ಯದೋರ್ನೆಲ್ಲಾ ಉದ್ಧಾರ ಮಾಡ್ತೀಯಾ?"

"ಒಲೆ ಮೇಲೆ ಅನ್ನ ಇದೆ, ತಳ ಹಿಡಿಯೋಕ್ ಮುಂಚೆ ಇಳಿಸ್ಬಿಡಿ" ಎಂದು ಪಂಕಜಾ ಚಪ್ಪಲಿ ಮೆಟ್ಟಿದಳು. "ಖಾಲಿ ಮಾಡಿ ಅಂತ ಯಾಕಂತೆ? ಮೊದ್ಲಿಂದ ಹೇಳಿ."