ಆಷಾಢ ಕಳೀಲಿ, ಮುನಿರಾಜ್

ನಮ್ಮ ಮನೆಯ ಗೃಹಪ್ರವೇಶವನ್ನು ಆಷಾಢದಲ್ಲೇ ಮಾಡಿದವಳು ನಾನು. ಮುಹೂರ್ತದ ಮಾತೆತ್ತಿದ ನಾದಿನಿಗೆ, "ಭಾನುವಾರ ರಜ ಇದೆ, ಅದೇ ಮುಹೂರ್ತ" ಎಂದಿದ್ದೆ. ಬಸವನಗುಡಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಸುಪ್ರಜಾ ಮಿಸ್ ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಇಡೀ ಬೀದಿಗೆ ಗೊತ್ತು. ಅಂಥ ನಾನು ಈ ವರ್ಷ ಆಷಾಢದ ಹೆಸರು ಹೇಳಿಕೊಂಡು ಒಂದು ಸುಳ್ಳಾಡಿದೆ. ನೆನೆದರೆ ಈಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ನನ್ನ ಹಳೇ ಕಾರನ್ನು ಮಾರಿದ್ದು ಮುನಿರಾಜನಿಗೆ. ಒಂದು ಕಾಲದ ನನ್ನ ವಿದ್ಯಾರ್ಥಿ. ಈಗ ಗಾಂಧಿಬಜಾರಿನಲ್ಲಿ ತಾಯಿ ಅಂಜನಮ್ಮನ ಜೊತೆ ತರಕಾರಿ ಅಂಗಡಿ ನಡೆಸುತ್ತಾನೆ. ತಾಯಿಗೆ ಮಂಡಿನೋವು. ಮನೆಯಿಂದ ಅಂಗಡಿಗೆ ದಿನಾ ನಡೆಸುವುದು ಬೇಡವೆಂದೇ ಅವನು ಕಾರು ಕೊಂಡಿದ್ದು. ಮಾತುಕತೆಯ ದಿನ ನಾನು ಬಲು ಧಾರಾಳವಾಗಿ, "ಇನ್ಶೂರೆನ್ಸ್ ಫೆಬ್ರವರಿವರೆಗೂ ಇದೆ ಕಣೋ. ಅದಕ್ಕೆ ನೀನು ಒಂದು ಪೈಸೆ ಬಿಚ್ಚಬೇಕಾಗಿಲ್ಲ" ಅಂದಿದ್ದೆ.

ಆಷಾಢ ಆಗಲೇ ಶುರುವಾಗಿತ್ತು. ಆದರೆ ಅಂಜನಮ್ಮ ಕಾಯಲಿಲ್ಲ. "ಇನ್ನೊಂದು ತಿಂಗ್ಳು ಅಂದ್ರೆ ಈ ಮಂಡಿ ಕೇಳ್ಬೇಕಲ್ಲ ಟೀಚರಮ್ಮ" ಎಂದು ಮಗನನ್ನು ಅವಸರಪಡಿಸಿ ಅವತ್ತೇ ಗಾಡಿ ತೆಗೆದುಕೊಂಡು ಹೋದರು.

ಮರುದಿನ ಇನ್ಶೂರೆನ್ಸ್ ಏಜೆಂಟ್ ಶ್ರೀಹರಿ ಬಂದ. "ಮೇಡಂ, ಎಂಟು ವರ್ಷದಲ್ಲಿ ನೀವು ಒಂದು ಕ್ಲೇಮೂ ಮಾಡಿಲ್ಲ. ಐವತ್ತು ಪರ್ಸೆಂಟ್ ಬೋನಸ್ ಇದೆ. ಅದು ಗಾಡೀದಲ್ಲ, ನಿಮ್ದು. ಮಾರಿದ ಪತ್ರ ಕಂಪನಿಗೆ ಕೊಟ್ರೆ ಒಂದು ಲೆಟರ್ ಕೊಡ್ತಾರೆ. ಹೊಸ ಕಾರಿನ ಇನ್ಶೂರೆನ್ಸಲ್ಲಿ ಅಷ್ಟೂ ರಿಯಾಯಿತಿ ಸಿಗುತ್ತೆ."

ಎಂಟು ವರ್ಷ ಎಲ್ಲೂ ಗೀರದೆ ಓಡಿಸಿದ್ದಕ್ಕೆ ಯಾರೋ ಬೆನ್ನು ತಟ್ಟಿದ ಹಾಗಾಯಿತು. ಶ್ರೀಹರಿ ಮಾತು ಮುಗಿಸಿರಲಿಲ್ಲ.

"ಆದ್ರೆ ಗಾಡಿ ತಗೊಂಡೋರು ಹದಿನಾಲ್ಕು ದಿನದೊಳಗೆ ಪಾಲಿಸೀನ ತಮ್ಮ ಹೆಸರಿಗೆ ಮಾಡಿಸ್ಕೋಬೇಕು. ನಿಮ್ಮ ರಿಯಾಯಿತಿ ಅವ್ರಿಗೆ ಬರಲ್ಲ, ಆ ವ್ಯತ್ಯಾಸ ಅವ್ರೇ ಕಟ್ಬೇಕು. ಹೆಸರು ಬದಲಾಯಿಸ್ದೆ ಇದ್ದು ಗಾಡಿಗೆ ಏನಾದ್ರೂ ಆದ್ರೆ ಕಂಪನಿ ರಿಪೇರಿಗೆ ದುಡ್ಡು ಕೊಡಲ್ಲ ಮೇಡಂ, ಮರೀಬೇಡಿ."

ಮಾರಿದ ಪತ್ರವನ್ನು ಅವತ್ತೇ ಕೊಟ್ಟೆ. ನನ್ನ ಲೆಟರ್ ವಾರದಲ್ಲಿ ಬಂತು. ಮುನಿರಾಜನಿಗೆ ಹೇಳುವುದು ಮಾತ್ರ ಉಳಿಯಿತು. ಒಂದು ಪೈಸೆ ಬಿಚ್ಚಬೇಕಾಗಿಲ್ಲ ಎಂದ ಬಾಯಲ್ಲೇ ಈಗ ಕಟ್ಟಪ್ಪಾ ಎನ್ನಬೇಕು. ಆ ವ್ಯತ್ಯಾಸ ನಾನೇ ಕಟ್ಟಿದರೆ ಮುಗಿಯಿತಲ್ಲ ಎಂಬ ಯೋಚನೆಯೂ ಬಂತು. ಬಂದ ದಾರಿಯಲ್ಲೇ ಅದನ್ನು ಕಳಿಸಿದೆ. ಬೋನಸ್ಸೂ ಬೇಕು, ಮಾತಿಗೆ ತಪ್ಪದವಳು ಎಂಬ ಹೆಸರೂ ಬೇಕು.

ಹತ್ತನೇ ದಿನ ಅವನೇ ಫೋನ್ ಮಾಡಿದ. "ಮಿಸ್, ಪೇಪರ್ ಎಲ್ಲಾ ನನ್ನ ಹೆಸರಿಗೆ ಮಾಡಿಸ್ಕೊಂಡ್ಬಿಡ್ಲಾ?"

"ಆಷಾಢ ಕಳೀಲಿ, ಮುನಿರಾಜ್. ಈಗ ಹೆಸರು ಬದಲಾಯಿಸೋದೆಲ್ಲ ಬೇಡ. ಒಳ್ಳೇದಲ್ಲ."

ನನ್ನ ಬಾಯಲ್ಲಿ ಆ ಮಾತು ಕೇಳಿ ಅವನಿಗೂ ಆಶ್ಚರ್ಯವಾಗಿರಬೇಕು. "ಸರಿ ಮಿಸ್. ನೀವೇ ಹೇಳ್ತಿದೀರ ಅಂದ್ಮೇಲೆ ಸರಿ" ಎಂದ.

ಇಪ್ಪತ್ತನೇ ದಿನ ಸಂಜೆ ಗಾಳಿ ಎದ್ದು, ಅಂಗಡಿಯ ಹಿಂದಿನ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಮರದ ದೊಡ್ಡ ಕೊಂಬೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ಬಾನೆಟ್ಟು, ಗಾಜು, ಟಾಪು ಎಲ್ಲ ಜಜ್ಜಿಹೋಯಿತು. "ಇನ್ಶೂರೆನ್ಸ್ ಇದೆಯಲ್ಲ ಮಿಸ್" ಎಂದು ಮುನಿರಾಜ ಧೈರ್ಯವಾಗಿಯೇ ಹೇಳಿದ. ಇದೆ ಎಂದೂ ಇಲ್ಲ ಎಂದೂ ಹೇಳದೆ ಶ್ರೀಹರಿಯ ನಂಬರ್ ಕೊಟ್ಟೆ. ಕಾರು ಮಾರಿದ ಪತ್ರ ಕಂಪನಿಯ ಕೈಯಲ್ಲೇ ಇತ್ತು, ಪಾಲಿಸಿ ಇನ್ನೂ ನನ್ನ ಹೆಸರಲ್ಲೇ ಇತ್ತು. ಕ್ಲೇಮ್ ಆಗುವುದಿಲ್ಲ ಎಂದುಬಿಟ್ಟರು. ಮುನಿರಾಜ ಚೀಟಿ ಎತ್ತಿ ರಿಪೇರಿ ಮಾಡಿಸಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗಾಂಧಿಬಜಾರಿಗೆ ಹೋಗುವುದನ್ನೇ ಬಿಟ್ಟು ನಾನು ತಳ್ಳುಗಾಡಿಯ ಸೊಪ್ಪು ಕೊಳ್ಳತೊಡಗಿದೆ.

ಶ್ರಾವಣದ ಮೊದಲ ಶುಕ್ರವಾರ ನನ್ನ ಹೊಸ ಕಾರು ಬಂತು, ಐವತ್ತು ಪರ್ಸೆಂಟ್ ರಿಯಾಯಿತಿಯ ಇನ್ಶೂರೆನ್ಸ್ ಸಮೇತ. ಅಕ್ಕಪಕ್ಕದವರ ಒತ್ತಾಯಕ್ಕೆ ದೊಡ್ಡ ಗಣಪತಿ ಗುಡಿಯ ಮುಂದೆ ಪೂಜೆಗೆ ನಿಲ್ಲಿಸಿದ್ದೆ. ಅರ್ಚಕರು ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದಾಗ ಅಂಜನಮ್ಮ ಬರುವುದು ಕಂಡಿತು. ಕುಂಟುತ್ತಾ, ಸೊಂಟದ ಮೇಲೆ ಒಂದು ಬೂದುಗುಂಬಳಕಾಯಿ ಹೊತ್ತು ಬರುತ್ತಿದ್ದರು. ಹಿಂದೆಯೇ ಮುನಿರಾಜ ನನ್ನ ಹಳೇ ಕಾರನ್ನು ನಿಧಾನವಾಗಿ ಓಡಿಸಿಕೊಂಡು ಬರುತ್ತಿದ್ದ. ಹೊಸ ಬಾನೆಟ್ಟಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ.

"ದೃಷ್ಟಿ ತೆಗೆಯೋಕೆ ಒಳ್ಳೇ ಕಾಯಿ ಆರಿಸಿ ತಂದಿದೀನಿ ಟೀಚರಮ್ಮ. ನಮ್ಗೆ ಆದಂಗೆ ನಿಮ್ಗೆ ಆಗೋದು ಬೇಡ."

"ಗಾಡಿ ಇದ್ದೂ ನಡ್ಕೊಂಡು ಯಾಕೆ ಬಂದ್ರಿ?" ಎಂದೆ.

"ಆ ಗಾಡಿ ನಾನು ಹತ್ತಲ್ಲಮ್ಮ. ಆಷಾಢದಲ್ಲಿ ಬೇಡ ಅಂತ ನಿಮ್ಮಂಥೋರೇ ಹೇಳಿದ್ರಂತೆ. ನನ್ನ ಮಂಡಿ ಸುಖಕ್ಕೆ ಅವಸರ ಮಾಡಿ ಮನೆಗೆ ತರಿಸಿದೋಳು ನಾನು. ಮಗ ದುಡಿದಿದ್ದು ನನ್ನಿಂದ ಮಣ್ಣಾಯ್ತು."

ಅವರು ಕಾಯಿಯ ಮೇಲೆ ಕರ್ಪೂರ ಹಚ್ಚಲು ಬೆಂಕಿಪೊಟ್ಟಣ ತೆಗೆದರು. ನಾನು ಆ ಕೈ ಹಿಡಿದುಕೊಂಡೆ. ಶ್ರೀಹರಿ ಹೇಳಿದ್ದು, ಹದಿನಾಲ್ಕು ದಿನದ ಲೆಕ್ಕ, ನನ್ನ ಬೋನಸ್ಸು, ಬೇಕಂತಲೇ ಆಡಿದ ಆಷಾಢದ ಸುಳ್ಳು, ಎಲ್ಲವನ್ನೂ ಅರ್ಚಕರ ಮುಂದೆ, ನೆರೆಯವರ ಮುಂದೆ ಹೇಳಿದೆ. "ರಿಪೇರಿಗೆ ಆಗಿದ್ದನ್ನ ನಾನು ಕೊಡ್ತೀನಿ" ಎಂದೆ.

"ಅದನ್ನ ಆಮೇಲೆ ಮಾತಾಡೋಣ ಮಿಸ್" ಎಂದು ಮುನಿರಾಜ ನೆಲ ನೋಡಿದ.

ಅಂಜನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಹಂಗಾದ್ರೆ ಅದು ನನ್ನಿಂದ ಆಗಿದ್ದಲ್ಲ?"

"ಅಲ್ಲ ಅಂಜನಮ್ಮ. ನನ್ನಿಂದ."

"ನಂದೇ ತಪ್ಪು ಅನ್ಕೊಂಡು ದಿನಾ ನಡ್ಕೊಂಡೇ ಅಂಗಡಿಗೆ ಹೋಗ್ತಿದೀನಲ್ಲ, ಟೀಚರಮ್ಮ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕುಂಬಳಕಾಯಿಯನ್ನು ನನ್ನ ಕಾರಿನ ಮುಂದೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅವರು ಹಳೇ ಕಾರಿನ ಹತ್ತಿರ ನಡೆದರು. ಮುನಿರಾಜ ಮುಂದಿನ ಬಾಗಿಲು ತೆಗೆದ. ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಅಂಜನಮ್ಮ ಸೀಟಿನಲ್ಲಿ ಕೂತರು.