ಸಡಿಲವಾಗಿ ತುಂಬಿದ ಚೀಲ

ಮಳೆ ಆಗತಾನೇ ನಿಂತಿತ್ತು. ಮಧ್ಯಾಹ್ನವೆಲ್ಲ ಸುರಿದು ದಣಿದ ಮೇಘಮಾಲೆ ಪಶ್ಚಿಮದಲ್ಲಿ ಒಂದಿಷ್ಟು ದಾರಿ ಬಿಟ್ಟದ್ದೇ ತಡ, ಇಳಿಹೊತ್ತಿನ ಸುವರ್ಣಕಿರಣಗಳು ತೊಯ್ದ ಬೀದಿಗಿಳಿದು, ಎದುರುಸಾಲಿನ ಕಿಟಕಿಗಾಜುಗಳನ್ನೆಲ್ಲ ಸವರಿ, ವಾಹನಗಳ ಸೀಟು ಹೊಲಿಯುವವನ ಅಂಗಡಿಯ ಮೇಲಿನ ಪುಟ್ಟ ಕೋಣೆಯೊಳಕ್ಕೆ ಹೇಳದೆ ಕೇಳದೆ ನುಗ್ಗಿಬಿಟ್ಟವು. ಸಹೃದಯರೇ, ಆ ಬೆಳಕಿಗೆ ಅದೆಂಥ ಸಮದೃಷ್ಟಿ! ಮಂಚದ ಮೇಲೆ ಹರಡಿದ್ದ ಕ್ಯಾಮೆರಾಗಳನ್ನೂ, ಮಡಿಸಿಟ್ಟ ಉಣ್ಣೆಯ ಅಂಗಿಯನ್ನೂ, ಅರ್ಧಕ್ಕೆ ಕತ್ತರಿಸಿದ ಸೋಪನ್ನೂ ಅದು ಒಂದೇ ಅಕ್ಕರೆಯಿಂದ ಮುಟ್ಟಿತು... ಮಂಚದ ಬಳಿ ನಿಂತಿದ್ದ ಅವನ ಹೆಂಡತಿಯ ಹಣೆಯ ಮೇಲೆ ಮಾತ್ರ ಒಂದು ಗಳಿಗೆ ಹೆಚ್ಚಿಗೆ ನಿಂತಿತೆಂದು ಅವನಿಗೆ ಅನ್ನಿಸಿತು.

ಬೀದಿಯವರೆಲ್ಲ ಅವಳನ್ನು ಹಕ್ಕಿಯಕ್ಕ ಎನ್ನುತ್ತಿದ್ದರು. ಸೂರ್ಯ ಹುಟ್ಟುವ ಮೊದಲೇ ಕೆರೆಯಂಚಿನಲ್ಲಿ ಉಸಿರು ಬಿಗಿಹಿಡಿದು ಕೂತು, ಒಂದು ರೆಕ್ಕೆ ಬಿಚ್ಚುವ ಕ್ಷಣಕ್ಕಾಗಿ ಒಂದು ವಾರ ಕಾಯಬಲ್ಲ ಹೆಣ್ಣು ಅವಳು. ಅವಳು ಹೋದಲ್ಲೆಲ್ಲ ಹದಿನೆಂಟು ವರ್ಷಗಳಿಂದ ಅವನೂ ಹೋಗಿದ್ದ, ಹೆಗಲ ಮೇಲೆ ಟ್ರೈಪಾಡ್ ಹೊತ್ತು. ಆ ಮೂರು ಕಾಲಿನ ಕಂಬವನ್ನು ಅವನು ಒರೆಸಿ ಜೋಪಾನ ಮಾಡುವ ಪರಿ ನೋಡಿ ಅವನ ತಾಯಿ ಅದಕ್ಕೆ ಕಿರಿಸೊಸೆ ಎಂದು ಹೆಸರಿಟ್ಟಿದ್ದಳು. ಗಾಳಿ ಬೀಸಿದಾಗ ಅದರ ಕಾಲನ್ನು ಒತ್ತಿ ಹಿಡಿಯುವುದು ಅವನ ಕೆಲಸ. ಪತ್ರಿಕೆಗಳಲ್ಲಿ ಬರುತ್ತಿದ್ದುದು ಅವಳೊಬ್ಬಳ ಹೆಸರು. ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದವನು ಅವನು.

ಈಗ ದೂರದ ಉತ್ತರದೇಶದಿಂದ ಅವಳಿಗೆ ಕರೆ ಬಂದಿತ್ತು. ಹಿಮ ಕರಗುವ ಕಾಲದಲ್ಲಿ, ಬರೀ ಹತ್ತೇ ದಿನ, ಅಲ್ಲೊಂದು ಸರೋವರದ ತೀರದಲ್ಲಿ ಕ್ರೌಂಚಮಿಥುನಗಳು ನರ್ತಿಸುತ್ತವಂತೆ... ಬಾಲ್ಯದಿಂದ ಅವಳು ಕಂಡ ಕನಸು ಅದು! ಆದರೆ ಅಲ್ಲಿಗೆ ಹೋಗುವ ಪುಟ್ಟ ವಿಮಾನದಲ್ಲಿ ಅವಳೊಬ್ಬಳಿಗೇ ಜಾಗ, ಸಾಮಾನು ಹದಿನೈದು ಕಿಲೋ ಮೀರುವಂತಿಲ್ಲ. ಬರುತ್ತೇನೆ, ಇಲ್ಲ ಎಂಬುದನ್ನು ಆ ಸಂಜೆಯೊಳಗೆ ತಿಳಿಸಬೇಕಿತ್ತು.

ಬೆಳಗಿನಿಂದ ಅವಳು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದುದನ್ನು ಅವನು ಕಣ್ತುಂಬ ನೋಡಿದ್ದ. ಟವೆಲನ್ನು ಅರ್ಧ ಮಾಡಿದಳು, ಮೂರನೆಯ ಅಂಗಿಯನ್ನು ಬೀರುವಿಗೆ ಹಿಂತಿರುಗಿಸಿದಳು, ಬ್ಯಾಟರಿಗಳನ್ನು ಕಾಲುಚೀಲದೊಳಗೆ ಸುತ್ತಿದಳು, ಭಾರದ ಬೂಟನ್ನು ಹಾಕಿಕೊಂಡೇ ಹೋಗುವುದೆಂದು ತೀರ್ಮಾನಿಸಿದಳು. ತನಗೆ ಏನು ಬೇಡ ಎಂಬುದು ಇಷ್ಟು ನಿಚ್ಚಳವಾಗಿ ಗೊತ್ತಿರುವವರು ಲೋಕದಲ್ಲಿ ಎಷ್ಟು ಮಂದಿ! ಒಂದು ಮದುವೆಗೆ ಹೊರಟರೂ ಮೂರು ಜೊತೆ ಬಟ್ಟೆ ತುರುಕುವ ಅವನಿಗೆ ಅದೊಂದು ತಪಸ್ಸಿನಂತೆ ಕಂಡಿತು. ಆದರೂ ತೂಕದ ಮುಳ್ಳು ಹದಿನೇಳೂವರೆಯಿಂದ ಇಳಿಯಲಿಲ್ಲ. ಟ್ರೈಪಾಡ್ ತೆಗೆದರೆ ಸರಿಹೋಗುತ್ತಿತ್ತು. ತೆಗೆದರೆ ಆ ದೊಡ್ಡ ಲೆನ್ಸನ್ನು ಅಲುಗದಂತೆ ಹಿಡಿಯುವುದು ಹೇಗೆ?

ಅವಳು ಟ್ರೈಪಾಡಿನ ಮೇಲೆ ಕೈಯಿಟ್ಟು ಮಂಚದಂಚಿನಲ್ಲಿ ಕೂತಳು.

"ಬಿಡಿ, ಬರಲ್ಲ ಅಂತ ಬರೆದುಬಿಡ್ತೀನಿ. ಇದೂ ಇಲ್ಲದೆ, ನೀವೂ ಇಲ್ಲದೆ, ನಾನು ಅಲ್ಲಿ ಹೋಗಿ ಮಾಡೋದಾದ್ರೂ ಏನು?"

ಆ ಮಾತಿಗೆ ಅವನ ಮನಸ್ಸು ಕುಣಿಯಿತು! ಸುಳ್ಳೇಕೆ ಹೇಳಲಿ, ಒಂದು ಕ್ಷಣ ಅವನಿಗೆ ಹೊಟ್ಟೆ ತುಂಬ ಹಾಲು ಕುಡಿದಂತಾಯಿತು. ಮರುಕ್ಷಣವೇ ಅವಳ ಬಾಗಿದ ಕತ್ತನ್ನು ಕಂಡು ನಾಚಿಕೆಯಿಂದ ಕುಗ್ಗಿಹೋದ. ಆ ಸರೋವರದ ಬಳಿ ಹಕ್ಕಿಗಳಿಗೆ ಕಾದು ಕೂರುವ ಜಾಗ ಹೇಗಿದೆಯೆಂದು ಮೆಲ್ಲನೆ ವಿಚಾರಿಸಿದ. ಮರದ ಗೂಡಂತೆ, ಕಿಟಕಿಯ ಕೆಳಗೆ ಅಗಲವಾದ ಹಲಗೆಯಂತೆ. ಅವನು ಮತ್ತೇನೂ ಕೇಳದೆ ದಡದಡನೆ ಅಂಗಡಿಗಿಳಿದ.

ಅರ್ಧ ತಾಸಿನಲ್ಲಿ ಹೊಲಿಗೆಯಂತ್ರದ ಸದ್ದು ನಿಂತಿತು. ಮೇಲೆ ಬಂದವನ ಕೈಯಲ್ಲಿ ಸೀಟಿನ ದಪ್ಪ ಬಟ್ಟೆಯಿಂದ ಹೊಲಿದ, ಜಿಪ್ಪು ಹಾಕಿದ ಪುಟ್ಟ ಚೀಲ. ಖಾಲಿ ಒಯ್ದು, ಅಲ್ಲಿ ಸಿಕ್ಕ ಧಾನ್ಯ ತುಂಬಿ, ಹಲಗೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಕೂರಿಸಬೇಕೆಂದು ವಿವರಿಸಿ, ಅಡುಗೆಮನೆಯ ಡಬ್ಬಿಯಲ್ಲಿದ್ದ ಕಾಳನ್ನೆಲ್ಲ ಅದರೊಳಗೆ ಸುರಿದ. ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಎದುರುಮಹಡಿಯ ಪಾರಿವಾಳದತ್ತ ಲೆನ್ಸ್ ತಿರುಗಿಸಿದಳು. ಚಿತ್ರ ಮಸುಕಾಗಿ ಬಂತು. ಮತ್ತೊಂದು, ಇನ್ನೊಂದು... ಎಲ್ಲವೂ ಮಸುಕು. ಚೆಂಡಿನ ಮೇಲಿಟ್ಟಂತೆ ಜಾರುತ್ತಿದೆಯೆಂದು ಸಣ್ಣ ದನಿಯಲ್ಲಿ ಹೇಳಿದಳು.

ಅವನು ಚೀಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ತಪ್ಪು ಆ ಕೂಡಲೇ ಗೊತ್ತಾಯಿತು. ಕೂತವರು ಕುಸಿಯಬಾರದೆಂದು ಜೀವಮಾನವೆಲ್ಲ ಸೀಟುಗಳನ್ನು ಬಿಗಿಯಾಗಿ ತುಂಬಿದ ಕೈ ಇಲ್ಲೂ ಕಲ್ಲಿನಂತೆ ತುಂಬಿಬಿಟ್ಟಿತ್ತು! ಅದು ಅವನೊಬ್ಬನಿಗೇ ತಿಳಿದ ಸಂಗತಿ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪ್ರಯತ್ನವನ್ನಂತೂ ಮಾಡಿದೆನಲ್ಲ ಎಂಬ ಸಮಾಧಾನವೂ ಉಳಿಯುತ್ತಿತ್ತು, ಹೆಂಡತಿಯೂ ಉಳಿಯುತ್ತಿದ್ದಳು. ಅವನು ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿದ... ಆಮೇಲೆ ಜಿಪ್ಪು ಎಳೆದು ಮೂರರಲ್ಲಿ ಒಂದು ಪಾಲು ಕಾಳನ್ನು ಡಬ್ಬಿಗೆ ಹಿಂದಕ್ಕೆ ಸುರಿದ.

ಈ ಸಲ ಲೆನ್ಸ್ ಚೀಲದೊಳಕ್ಕೆ ಹಿತವಾಗಿ ಅದುಮಿಕೊಂಡು ಕೂತಿತು. ಪಾರಿವಾಳದ ಕೊರಳಿನ ಹಸಿರು, ನೇರಳೆ, ರೆಪ್ಪೆಯಂಚಿನ ಒಂದು ಮಳೆಹನಿ ಕೂಡ ಸ್ಫಟಿಕಸ್ಪಷ್ಟ! ಅವಳು ಆ ಚಿತ್ರವನ್ನು ಬಹಳ ಹೊತ್ತು ನೋಡಿ, ನಂತರ ಅವನತ್ತ ತಿರುಗಿದಳು.

"ಇದು ಸರಿಹೋದ್ರೆ ನೀವೊಬ್ಬರೇ ಇಲ್ಲಿ ಉಳೀಬೇಕಾಗುತ್ತೆ. ಗೊತ್ತಿತ್ತಲ್ವಾ?"

"ಹೊಲಿಯುವಾಗ್ಲೇ ಗೊತ್ತಿತ್ತು."

ಅವಳು ಎದ್ದು ಬಂದು ಅವನ ಎರಡೂ ಕೈಗಳನ್ನು ತನ್ನ ಕಣ್ಣಿಗೊತ್ತಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಗಡುಸಾಗಿದ್ದ ಆ ಬೆರಳುಗಳು ಒದ್ದೆಯಾದವು. ಆಮೇಲೆ ಮೂಲೆಯ ಮೇಜಿನ ಮುಂದೆ ಕೂತು, ಬರುತ್ತೇನೆಂದು ಎರಡೇ ಸಾಲು ಬರೆದು ಕಳಿಸಿದಳು.

ಅವನು ಕಿಟಕಿಯ ಬಳಿಯೇ ನಿಂತಿದ್ದ. ತಾನಿಲ್ಲದ ಆ ಹಿಮತೀರದಲ್ಲಿ ಅವಳು ಉಸಿರು ಬಿಗಿಹಿಡಿದು ಕೂತಿರುವುದನ್ನು ಮನಸ್ಸಿನಲ್ಲೇ ಕಂಡ. ಅವನ ಎದೆ ಉಬ್ಬಿತು; ಕೈ ಮಾತ್ರ ಪಕ್ಕದಲ್ಲೇ ಉಳಿದುಹೋದ ಟ್ರೈಪಾಡಿನ ಕಾಲನ್ನು ಒತ್ತಿ ಹಿಡಿಯಿತು. ಓ, ಮಾನವಹೃದಯವೇ! ಇರುವುದು ಒಂದು ಹಿಡಿಯಷ್ಟು ಜಾಗ; ಅಲ್ಲಿ ಹೆಮ್ಮೆಯೂ ಒಂಟಿತನವೂ ತೊಡೆಗೆ ತೊಡೆ ತಾಗಿಸಿ ಕೂರುತ್ತವೆ, ಒಂದನ್ನೊಂದು ಎಬ್ಬಿಸುವುದಿಲ್ಲ... ಅವೆರಡಕ್ಕೂ ಎಡೆ ಮಾಡಿಕೊಟ್ಟವನು ನಿಜಕ್ಕೂ ಪ್ರೀತಿಸಿದವನು.