ಬಾಣಂತಿ ಕೋಣೆಯ ಕೆಂಡ

ತೊಂಬತ್ತೆಂಟನೇ ಇಸವಿಯ ಕಾರ್ತಿಕ ಮಾಸ. ಮಾಸ್ತಿ ಹತ್ತಿರದ ಹಳ್ಳಿಯಲ್ಲಿ ನಾಲ್ಕು ದಿನದಿಂದ ಜಡಿಮಳೆ. ಆಂಜಿನಮ್ಮನ ಮಗಳು ಮುನಿಲಕ್ಷ್ಮಿ ಹೆತ್ತು ಹದಿನಾಲ್ಕು ದಿನವಾಗಿತ್ತು. ಗಂಡು ಕೂಸು. ಗಳಿಗೆಗೊಂದು ಬಟ್ಟೆ ಒದ್ದೆ ಮಾಡಿದರೆ ಒಣಗಿಸುವುದೆಲ್ಲಿ?

ಜಗಲಿ ಇತ್ತು. ಆದರೆ ಕೂಸಿನ ಬಟ್ಟೆಯ ಮೇಲೆ ಹಕ್ಕಿ ಹಾರಿದರೆ ಪಕ್ಷಿದೋಷ ತಗುಲುತ್ತದೆಂದು ಆಂಜಿನಮ್ಮನಿಗೆ ಭಯ. ಹಾಗಾಗಿ ಬಾಣಂತಿ ಕೋಣೆಯಲ್ಲೇ ಅಗ್ಗಿಷ್ಟಿಕೆ ತುಂಬಾ ಇದ್ದಿಲ ಕೆಂಡ ಇಟ್ಟು, ಮೇಲೆ ಬಿದಿರುಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವಿದಳು. ಬಾಣಂತಿಗೆ ಗಾಳಿ ಬಡಿಯಬಾರದಲ್ಲ, ಕಿಟಕಿಗೆ ಗೋಣಿಚೀಲ ತುರುಕಿದಳು.

ಮಗುವಿನ ತೂಕ ನೋಡಲು ಬಂದ ನರ್ಸ್ ಭಾರತಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

“ಏನಮ್ಮಾ ಇದು! ಮೊದ್ಲು ಆ ಕೆಂಡ ಆಚೆಗಿಡು. ಗೋಣಿ ಕೀಳು.”

“ಅಯ್ಯೋ, ಹೊಗೆ ಎಲ್ಲೈತೆ ಮೇಡಮ್ಮಾ? ನಿಗಿನಿಗಿ ಕೆಂಡ. ಹೊಗೆಯೆಲ್ಲಾ ಆಚೇಲೇ ಬಿಟ್ಟು ತಂದಿವ್ನಿ.”

“ಹೊಗೆ ಇಲ್ದಿದ್ರೂ ವಿಷಗಾಳಿ ಇರುತ್ತೆ ಕಣಮ್ಮಾ. ಕಣ್ಣಿಗೆ ಕಾಣಲ್ಲ, ವಾಸ್ನೆ ಬರಲ್ಲ. ಮೊದ್ಲು ತಲೆನೋವು, ವಾಂತಿ. ಆಮೇಲೆ ಜೋಂಪು. ಮಲಗಿದೋರು ಏಳೋದೇ ಇಲ್ಲ. ಬಟ್ಟೆ ಜಗಲೀಲಿ ಒಣಗಿಸು. ಹಕ್ಕಿ ಭಯ ಇದ್ರೆ ಮೇಲೊಂದು ಸೀರೆ ಕಟ್ಟು, ಯಾರು ಬೇಡ ಅಂದ್ರು?”

ಭಾರತಮ್ಮ ತಾವೇ ಅಗ್ಗಿಷ್ಟಿಕೆಯನ್ನು ಹೊರಗಿಟ್ಟು ಹೋದರು. “ನಾಲ್ಕು ಹೆತ್ತೋಳಿಗೆ ಇವ್ಳು ಬಾಣಂತನ ಕಲಿಸ್ತಾಳೆ,” ಎಂದು ಆಂಜಿನಮ್ಮ ಗೊಣಗಿದಳು. ನರ್ಸಮ್ಮನ ಬಸ್ಸು ಹೋಗಿದ್ದೇ ತಡ, ಅಗ್ಗಿಷ್ಟಿಕೆ ಮತ್ತೆ ಒಳಗೆ ಬಂತು.

ಮರುದಿನ ಬೆಳಿಗ್ಗೆ ಮುನಿಲಕ್ಷ್ಮಿ, “ಅಮ್ಮಾ, ತಲೆ ಸಿಡೀತೈತೆ, ಓಕರಿಕೆ ಬರ್ತೈತೆ,” ಎಂದಳು.

“ಸೀತ ಆಗೈತೆ ಕಣೇ. ಬೆಚ್ಚಗೆ ಮಲಗು.”

ಏನು ಹೇಳೋಣ ಆ ತಾಯಿಗೆ! ಪ್ರೀತಿಯಿಂದಲೇ ಇನ್ನಷ್ಟು ಕೆಂಡ ಸುರಿದಳು. ಬಾಗಿಲೆಳೆದುಕೊಂಡು ಹಸು ಕರೆಯಲು ಹೋದಳು.

ಡೈರಿಗೆ ಹಾಲು ಹಾಕಿ ಬಂದು ಕೂಗಿದರೆ ಮಗಳು ಏಳಲಿಲ್ಲ. “ದೇವುಡಾ! ಲೇ ಮುನಿಶಾಮೀ, ಬಾರೋ!” ಎಂಬ ಚೀರಾಟಕ್ಕೆ ಪಕ್ಕದ ಮನೆಯ ಮುನಿಶಾಮಿ ಓಡಿಬಂದು ತಾಯಿ ಮಗು ಇಬ್ಬರನ್ನೂ ಜಗಲಿಗೆ ಹೊತ್ತು ತಂದ. ಮಳೆಗಾಳಿಗೆ ಮುನಿಲಕ್ಷ್ಮಿ ಕಣ್ಣು ಬಿಟ್ಟಳು. ಕೂಸು ಬಿಡಲಿಲ್ಲ. ಮಾಲೂರಿನ ಆಸ್ಪತ್ರೆ ತಲುಪುವವರೆಗೂ ಅದರ ಮೈ ಬೆಚ್ಚಗಿತ್ತು. ಡಾಕ್ಟರು ನೋಡಿ, ಜೀವ ಆಗಲೇ ಹೋಗಿದೆ ಎಂದರು.

ಊರಿನವರು ಪಕ್ಷಿದೋಷ ಎಂದು ಸಮಾಧಾನ ಹೇಳಲು ಬಂದರು. ಆಂಜಿನಮ್ಮ ಒಪ್ಪಲಿಲ್ಲ. “ಹಕ್ಕಿ ಮೇಲೆ ಯಾಕ್ ಹಾಕ್ತೀರಾ? ಆಯಮ್ಮ ಬಿಡಿಸಿ ಬಿಡಿಸಿ ಹೇಳಿದ್ಲು. ಕೇಳ್ದೆ ಈ ಕೈಯಾರೆ ನಾನೇ ಕೆಂಡ ಇಟ್ಟೆ,” ಎಂದು ಎದೆ ಬಡಿದುಕೊಂಡಳು. ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಎಷ್ಟೋ ದಿನ ತಾಯಿಯ ಜೊತೆ ಮಾತಾಡಲಿಲ್ಲ.

ಮುಂದಿನ ತಿಂಗಳು ಅದೇ ಊರಿನ ಅಕ್ಕಯಮ್ಮನ ಸೊಸೆ ಹೆತ್ತಳು. ಕರೆಯದಿದ್ದರೂ ಆಂಜಿನಮ್ಮ ಹೋದಳು. “ಅಪಶಕುನ ಅಂತ ಬೈಯ್ಯಿ, ಬೈಸ್ಕೋತೀನಿ. ಕೆಂಡ ಆಚೆ ಹೋಗೋಗಂಟ ಈ ಹೊಸ್ತಿಲು ಬಿಡಲ್ಲ,” ಎಂದು ಕುಳಿತಳು. ಅಕ್ಕಯಮ್ಮ ಕೆಂಡ ಹೊರಗೆ ಹಾಕಿಸಿ ಕಿಟಕಿ ತೆಗೆಸಿದಳು.

ತಾಯಂದಿರೇ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಬಟ್ಟೆಯನ್ನು ಸೂರಿನಡಿ, ಗಾಳಿಯಾಡುವ ಕಡೆ ಒಣಗಿಸಿ. ಕೂಸು ಬೆಚ್ಚಗಿರಲು ಟೋಪಿ, ಕಂಬಳಿ ಸಾಕು. ಕೆಂಡದ ಕೋಣೆಯಲ್ಲಿ ಯಾರಿಗಾದರೂ ತಲೆ ನೋವು, ಓಕರಿಕೆ ಬಂದರೆ ಮೊದಲು ಆಚೆಗೆ ಕರೆತನ್ನಿ, ಆಮೇಲೆ ಆಸ್ಪತ್ರೆಗೆ ಓಡಿ. ನಿಮ್ಮ ಮನೆಯಲ್ಲಿ ಈಗ ಬಾಣಂತಿ ಇದ್ದಾಳೆಯೇ? ಹಾಗಾದರೆ ಈ ಕಾಗದ ಕೆಳಗಿಡಿ, ಎದ್ದು ಹೋಗಿ ಕಿಟಕಿ ತೆಗೆಯಿರಿ.